ಕಂಟ್ರೋಲರ್ ಕಳವು, ಕರ್ಪೂರದ ಆಣೆ

ಬೆಳಿಗ್ಗೆ ಒಂಬತ್ತೂವರೆ. 2025ರ ಸೆಪ್ಟೆಂಬರ್ 2, ಮಂಗಳವಾರ. ವೀರನಹೊಸಹಳ್ಳಿ ಕಡೆಯ ರೈತ ಚೆಲುವರಾಜು ಹುಣಸೂರಿನ ಠಾಣೆಗೆ ಬಂದು, ತನ್ನ ಎಲೆಕ್ಟ್ರಿಕ್ ಬೈಕಿನ ವೇಗ ಕಳುವಾಗಿದೆ ಎಂದು ದೂರು ಹೇಳಿದ.

ದೂರು ಬರೆದುಕೊಳ್ಳಲು ಕೂತಿದ್ದ ಹೆಡ್ ಕಾನ್‌ಸ್ಟೆಬಲ್ ನಂಜಯ್ಯ ಪೆನ್ನಿನ ಮುಚ್ಚಳ ತೆಗೆದವನು ಹಾಗೇ ಹಿಡಿದುಕೊಂಡು ಕೂತ.

"ಏನ್ ಕಳುವಾಗದೆ ಅಂದೆ?"

"ಸ್ಪೀಡು ಸಾರ್."

"ಗಾಡಿ?"

"ಗಾಡಿ ಆಚೆ ನಿಂತದಲ್ಲ. ಅದ್ರಲ್ಲೇ ಬಂದೆ. ಎತ್ತಿನ ಗಾಡಿ ಬಂದಂಗೆ ಬಂತು."

"ಬ್ಯಾಟ್ರಿ ಹೋಗದಾ?"

"ಇಲ್ಲ ಸಾರ್, ಅದೆ. ಶನಿವಾರ ಸಂಜೆ ಹೊಗೆಸೊಪ್ಪು ಬೇಯ್ಸೋ ಬ್ಯಾರನ್ನಿಗೆ ಸೌದೆ ಇಳಿಸಿ ಬತ್ತಿದ್ದೆ. ತಿರುವಲ್ಲಿ ಒಂಟಿ ಸಲಗ ನಿಂತದೆ. ಈ ಗಾಡಿ ಸದ್ದೇ ಮಾಡಲ್ವಲ್ಲ, ನಾನು ಬಂದದ್ದು ಅದಕ್ಕೂ ಗೊತ್ತಾಗ್ಲಿಲ್ಲ, ಅದು ನಿಂತಿರೋದು ನಂಗೂ ಗೊತ್ತಾಗ್ಲಿಲ್ಲ. ಇಬ್ರೂ ಗಾಬರಿ ಬಿದ್ದೋ. ಪಟ್ ಅಂತ ತಿರುಗಿಸ್ಕಂಡು ಆಕ್ಸಿಲರೇಟರ್ ಕೊಟ್ಟೆ. ಮೊದ್ಲು ಬಾಣ ಬುಟ್ಟಂಗೆ ಓಯ್ತಿತ್ತು ಸಾರ್. ಅವತ್ತು 'ತಡಿ, ನೋಡಾಣ' ಅನ್ನಂಗೆ ಒಂಟ್ತು."

"ಆಮೇಲೆ?"

"ಆಮೇಲೇನು, ಗಾಡಿ ಬುಟ್ಟು ಓಡ್ದೆ. ಆನೆ ಗಾಡಿ ಮೂಸಿ ನೋಡ್ಬುಟ್ಟು ಒಂಟೋಯ್ತು. ಅದಕ್ಕೂ ಬೇಜಾರಾಗಿರ್ಬೇಕು."

ಪಕ್ಕದ ಮೇಜಿನವರು ನಕ್ಕರು. ನಂಜಯ್ಯ ನಗಲಿಲ್ಲ. ಮುಂದಿನ ಮಾತು ಏನು ಬರುತ್ತದೆಂದು ಅವನಿಗೆ ಅಂದಾಜಿತ್ತು.

"ಮನೆಗೆ ಬಂದು ಸೀಟು ಎತ್ತಿ ನೋಡ್ತೀನಿ, ನಾನು ಹಾಕ್ಸಿದ್ದ ದೊಡ್ಡ ಕಂಟ್ರೋಲರೇ ಇಲ್ಲ. ಅದ್ರ ಜಾಗದಲ್ಲಿ ಹಳೇದು ಕೂತದೆ."

ಕಂಟ್ರೋಲರ್ ಎಂದರೆ ಬ್ಯಾಟರಿಗೂ ಮೋಟಾರಿಗೂ ನಡುವೆ ಕೂರುವ ಅಲ್ಯೂಮಿನಿಯಂ ಪೆಟ್ಟಿಗೆ. ಸವಾರ ಎಷ್ಟು ತಿರುವಿದರೆ ಎಷ್ಟು ಕರೆಂಟು ಬಿಡಬೇಕೆಂದು ತೀರ್ಮಾನಿಸುವುದು ಅದೇ. ಕಂಪನಿ ಕೊಟ್ಟ ಪೆಟ್ಟಿಗೆ ನಲವತ್ತು ಆಂಪಿಯರ್‌ಗೆ ನಿಲ್ಲುತ್ತದೆ. ಅದನ್ನು ಬಿಚ್ಚಿ ಎಂಬತ್ತರದ್ದು ಕೂರಿಸಿದರೆ ಬ್ಯಾಟರಿ ಅದೇ, ಮೋಟಾರೂ ಅದೇ, ಗಾಡಿ ಮಾತ್ರ ಬೇರೆ. ಚಾರ್ಜು ಬೇಗ ಇಳಿಯುತ್ತದೆ, ಕಾನೂನಿನ ಒಪ್ಪಿಗೆಯಿಲ್ಲ. ಆದರೆ ಎರಡು ಮೂಟೆ ಹೇರಿಕೊಂಡು ಕೆರೆ ಏರಿ ಹತ್ತುತ್ತದೆ. ಇದನ್ನೆಲ್ಲ ನಂಜಯ್ಯನಿಗೆ ಯಾರೂ ವಿವರಿಸಬೇಕಿರಲಿಲ್ಲ. ಠಾಣೆಯ ಹಿಂದೆ ಹೊಂಗೆ ಮರದಡಿ ನಿಂತಿದ್ದ ಅವನ ಸ್ವಂತ ಗಾಡಿಯ ಸೀಟಿನ ಕೆಳಗೂ ಎಂಬತ್ತರದ್ದೇ ಇತ್ತು.

ಮಾತು ಕೇಳಿ ಇನ್‌ಸ್ಪೆಕ್ಟರ್ ಅನುಶ್ರೀ ಹೊರಗೆ ಬಂದರು. ಹಾಸನದ ಕಡೆಯವರು, ಈ ಠಾಣೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸೀಟು ಎತ್ತಿಸಿ, ಪೆಟ್ಟಿಗೆಯ ಮೇಲಿನ ನಂಬರನ್ನು ಚೆಲುವರಾಜು ತಂದಿದ್ದ ಖರೀದಿ ಕಾಗದದ ಜೊತೆ ಹೋಲಿಸಿದರು. ಎರಡೂ ಒಂದೇ.

"ಅಂದರೆ ಗಾಡಿ ಶೋರೂಮಿನಿಂದ ಬಂದಾಗ ಇದ್ದದ್ದೇ ಈಗ ವಾಪಸ್ ಬಂದಿದೆ," ಎಂದರು. "ಕಳ್ಳ ಬಂದು ನಿಮ್ಮ ಗಾಡಿಯನ್ನ ಸರಿಮಾಡಿ ಹೋಗಿದ್ದಾನೆ."

"ಸರಿಯಾಗಿದ್ದದ್ದು ಮೊದ್ಲು ಮೇಡಂ."

"ದೊಡ್ಡದನ್ನ ಹಾಕಿದ್ದು ಯಾರು?"

ಚೆಲುವರಾಜು ಗೋಡೆ ನೋಡಿದ. "ನಾನೇ. ಆನ್‌ಲೈನಲ್ಲಿ ತರಿಸ್ಕಂಡು, ಫೋನಲ್ಲಿ ವಿಡಿಯೋ ನೋಡ್ಕಂಡು."

"ಈ ಹಳದಿ ವೈರು ಎಲ್ಲಿಗೆ ಹೋಗುತ್ತೆ?"

"ಒಳಕ್ಕೆ."

"ಕಂಪನಿಯದನ್ನ ಏನು ಮಾಡಿದ್ರಿ?"

"ಗುಜರಿಗೆ ಹಾಕ್ದೆ."

"ಯಾವ ಗುಜರಿ?"

ಚೆಲುವರಾಜು ಮತ್ತೆ ಗೋಡೆ ನೋಡಿ, "ಪಿರಿಯಾಪಟ್ಟಣದಲ್ಲಿ ಶಿವಶಂಕರ್ ಅಂತವ್ರೆ," ಎಂದ.

ಸುಳ್ಳು ಎಂದು ನಂಜಯ್ಯನಿಗೆ ಆ ಕ್ಷಣವೇ ತಿಳಿಯಿತು. ಚೆಲುವರಾಜು ಸುಳ್ಳು ಹೇಳುತ್ತಿದ್ದುದು ಯಾಕೆಂದೂ ತಿಳಿದಿತ್ತು. ಆದರೂ ಅವನು ಹೇಳಿದ್ದನ್ನೇ ಬರೆದುಕೊಂಡ. ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಮಿನಡಿ ಕಳವು ಎಂದು ಎಫ್‌ಐಆರ್ ಆಯಿತು. ಆರ್‌ಟಿಓ ಅನುಮತಿಯಿಲ್ಲದೆ ಗಾಡಿ ಬದಲಾಯಿಸಿದ್ದಕ್ಕೆ ದಂಡ ಬೇರೆ ಬೀಳುತ್ತದೆ ಎಂದು ಅನುಶ್ರೀ ಎಚ್ಚರಿಸಿದರು.

"ದಂಡ ಆಕಿ ಮೇಡಂ," ಎಂದ ಚೆಲುವರಾಜು. "ನನ್ ಸ್ಪೀಡು ಹುಡುಕ್ಕೊಡಿ."

*

ಆ ಕಂಟ್ರೋಲರ್ ಹಾಕಿದವನು ಕೃಷ್ಣರಾಜನಗರದ ಮಾದೇಶ್. ಪಂಪ್‌ಸೆಟ್ ಮೋಟಾರುಗಳ ಕಾಯಿಲು ಸುತ್ತುವ ಅಂಗಡಿಯವನು. ಎರಡು ವರ್ಷದಿಂದ ಹಿಂದಿನ ಕೋಣೆಯಲ್ಲಿ ಎಲೆಕ್ಟ್ರಿಕ್ ಬೈಕುಗಳ ಕೆಲಸವನ್ನೂ ಹಿಡಿದಿದ್ದ. ಪೊಲೀಸು, ಆರ್‌ಟಿಓ ಎಂದರೆ ಅವನಿಗೆ ಭಯ. ಅದಕ್ಕೇ ಗಾಡಿ ಕೈಗೆ ಕೊಡುವ ಮುಂಚೆ ಅಂಗಡಿಯ ಮಾದಪ್ಪನ ಪಟದ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿಸುತ್ತಿದ್ದ: ಯಾರೇ ಕೇಳಲಿ, ಏನೇ ಬರಲಿ, ಹಾಕಿದವನ ಹೆಸರು ಬಾಯಲ್ಲಿ ಬರಕೂಡದು.

ನಂಜಯ್ಯನೂ ಆ ಕರ್ಪೂರದ ಮುಂದೆ ಕೈ ಹಿಡಿದಿದ್ದ. "ಪೊಲೀಸ್ನೋನ ಕೈಲೇ ಆಣೆ ಮಾಡುಸ್ತೀಯಲ್ಲಲಾ," ಎಂದು ನಕ್ಕೂ ಇದ್ದ. ನಕ್ಕಿದ್ದು ಬೇರೆ, ಆಣೆ ಬೇರೆ. ನಂಜಯ್ಯ ವರ್ಷಕ್ಕೊಮ್ಮೆ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ಮನೆಯವನು. ಮಾದಪ್ಪನ ಆಣೆ ತಪ್ಪಿದ ಮನೆಗಳಲ್ಲಿ ಏನೇನಾಯಿತೆಂಬುದನ್ನು ಹೆಸರು ಸಮೇತ ಕೇಳಿ ಬೆಳೆದವನು. ಮೂವತ್ತು ವರ್ಷದ ನೌಕರಿಯಲ್ಲಿ ಕೋರ್ಟಿನ ಕಟಕಟೆಯಲ್ಲಿ ನೂರು ಸಲ ಪ್ರಮಾಣ ಮಾಡಿದ್ದಾನೆ. ಅದು ನೌಕರಿಯ ಬಾಬತ್ತು. ಇದು ಹಾಗಲ್ಲ.

ಆದ್ದರಿಂದ ಅವನಿಗೆ ಅರ್ಧ ಗೊತ್ತಿತ್ತು, ಇನ್ನರ್ಧ ಗೊತ್ತಿರಲಿಲ್ಲ. ಹಾಕಿದವನು ಯಾರೆಂದು ಗೊತ್ತು. ತೆಗೆದವನು ಯಾರು? ತೆಗೆದವನು ಹಳೆಯದನ್ನು ಯಾಕೆ ಹಾಕಿಹೋದ? ಕಳ್ಳನಾದವನು ಅರ್ಧ ಗಂಟೆ ಕೂತು, ಸ್ಕ್ರೂ ಬಿಗಿಮಾಡಿ, ಸೀಟು ಮುಚ್ಚಿ ಹೋಗುತ್ತಾನೆಯೇ?

ಮರುದಿನ ಸ್ಥಳ ಪಂಚನಾಮೆಗೆ ಹೋದಾಗ ಗೊಂದಲ ಇನ್ನಷ್ಟು ಕಗ್ಗಂಟಾಯಿತು. ತಂಬಾಕು ಬೇಯಿಸುವ ಕಾಲ. ಹಗಲೆಲ್ಲ ಮನೆಮಂದಿ ಹೊಲದಲ್ಲೋ ಬ್ಯಾರನ್ನಿನಲ್ಲೋ ಇರುತ್ತಾರೆ. ಗಾಡಿ ಕೊಟ್ಟಿಗೆ ಪಕ್ಕ ಚಾರ್ಜಿಗೆ ನಿಂತಿರುತ್ತದೆ. ಯಾರು ಬಂದರೂ ಕೇಳುವವರಿಲ್ಲ. ಬೀಗ ಮುರಿದಿಲ್ಲ, ಒಂದು ಗೀರೂ ಇಲ್ಲ. ಅನುಶ್ರೀ ಟಾರ್ಚು ಬಿಟ್ಟು ವೈರುಗಳ ಕೂಡು ತೋರಿಸಿದರು.

"ಇದೇನು ನಂಜಯ್ಯ? ಟೇಪ್ ಹಾಕಿಲ್ಲ. ದಾರ ಸುತ್ತಿದ್ದಾನೆ."

ನಂಜಯ್ಯ ಬಗ್ಗಿ ನೋಡಿದ. ಬಿಳಿ ಹತ್ತಿ ದಾರ, ಒತ್ತೊತ್ತಾಗಿ, ಒಂದರ ಮೇಲೊಂದು ಹತ್ತದ ಹಾಗೆ ಸುತ್ತಿದೆ. ಮೇಲೆ ಕಂದು ವಾರ್ನಿಷ್. ಪಂಪ್‌ಸೆಟ್ಟಿನ ಕಾಯಿಲು ಕಟ್ಟುವವರು ಹೀಗೆಯೇ ಕಟ್ಟುವುದು. ಮಾದೇಶನೇ ಹಾಕಿದ, ಮಾದೇಶನೇ ತೆಗೆದ. ಸರಿ, ತೆಗೆದು ಮತ್ತೆ ಮಾರುವುದಕ್ಕೆ ಎನ್ನೋಣ. ಹಾಗಾದರೆ ಕಳೆದುಕೊಂಡ ಚೆಲುವರಾಜು ಫೋನು ಮಾಡಿದಾಗ ಇನ್ನೊಂದು ಹಾಕಿಕೊಡಬೇಕಿತ್ತಲ್ಲ? ಅವನು ಫೋನು ಮಾಡಿದ್ದನಂತೆ. "ಆ ಕೆಲ್ಸ ಬುಟ್ಬುಟ್ಟಿದೀನಿ" ಎಂದನಂತೆ ಆ ಕಡೆಯವನು. ಅಂಗಳದ ಮೂಲೆಯಲ್ಲಿ ನಿಂತು ಚೆಲುವರಾಜು ಅಷ್ಟನ್ನು ಹೇಳಿದ, ಹೆಸರು ಹೇಳಲಿಲ್ಲ. ಹೇಳುವ ಅಗತ್ಯ ಇಬ್ಬರಿಗೂ ಇರಲಿಲ್ಲ.

"ನೀವೂ ಹಾಕ್ಸಿದೀರಾ ಸಾರ್?" ಎಂದು ಮಾತ್ರ ಪಿಸುಗುಟ್ಟಿದ.

"ಸುಮ್ಕಿರ್ಲಾ," ಎಂದ ನಂಜಯ್ಯ.

ಪಂಚನಾಮೆಯಲ್ಲಿ ಅವನು 'ವೈರುಗಳ ಕೂಡನ್ನು ಬಿಳಿ ದಾರದಿಂದ ಬಿಗಿಯಾಗಿ ಸುತ್ತಿ, ಮೇಲೆ ಕಂದು ಬಣ್ಣದ ಲೇಪ ಹಚ್ಚಿರುವುದು ಕಂಡುಬಂದಿದೆ' ಎಂದು ಬರೆದ. ಕಂಡದ್ದೆಲ್ಲ ಅದರಲ್ಲಿತ್ತು, ತಿಳಿದದ್ದು ಇರಲಿಲ್ಲ.

ಗುರುವಾರದೊಳಗೆ ಅಂಥದ್ದೇ ದೂರು ಪಿರಿಯಾಪಟ್ಟಣ ತಾಲ್ಲೂಕಿನಿಂದ ಎರಡು, ಎಚ್.ಡಿ. ಕೋಟೆ ಕಡೆಯಿಂದ ಎರಡು ಬಂತು; ಅಲ್ಲಿನ ಠಾಣೆಗಳು ಅವರನ್ನೆಲ್ಲ ಇಲ್ಲಿಗೇ ಕಳಿಸಿದ್ದವು. ಎಲ್ಲ ಕಡೆ ಎಂಬತ್ತರದ್ದು ಹೋಗಿ ನಲವತ್ತರದ್ದು ಬಂದಿತ್ತು. ಹಾಕಿದವರು ಯಾರೆಂದರೆ ಒಬ್ಬ ತನ್ನ ಭಾವಮೈದ ಎಂದ, ಅವನು ಈಗ ದುಬೈಯಲ್ಲಿದ್ದಾನೆ. ಇನ್ನಿಬ್ಬರು ಜಾತ್ರೆಯಲ್ಲಿ ಸಿಕ್ಕ ಮಲಯಾಳಿ ಎಂದರು. ನಾಲ್ಕನೆಯವನು ಕೈಮುಗಿದು, "ಬೇಕಾದ್ರೆ ನಾಲ್ಕು ಏಟು ಹೊಡೀರಿ, ಅದೊಂದ್ ಕೇಳ್ಬೇಡಿ," ಎಂದ.

"ಇವರು ದೂರು ಕೊಡೋಕೆ ಬಂದಿದ್ದಾರೋ, ಕಳ್ಳನನ್ನ ಕಾಯೋಕೆ ಬಂದಿದ್ದಾರೋ?" ಎಂದು ಅನುಶ್ರೀ ಫೈಲು ಮುಚ್ಚಿದರು. "ಕಳುವಾದ ಮಾಲಿನ ಜಾಗದಲ್ಲಿ ಮಾಲಿದೆ. ನೊಂದವನು ಸುಳ್ಳು ಹೇಳ್ತಾನೆ. ಇದು ಕಳವೋ ರಿಪೇರಿಯೋ, ನನಗಂತೂ ಅರ್ಥ ಆಗ್ತಿಲ್ಲ ನಂಜಯ್ಯ."

ಕೈಯಲ್ಲಿದ್ದ ಎಳೆ ಒಂದೇ. ಹಳೆಯ ಪೆಟ್ಟಿಗೆಗಳು ಯಾರ ಬಳಿ ಇದ್ದವೋ ಅವನೇ ಕಳ್ಳ. ಚೆಲುವರಾಜು ಕೊಟ್ಟ ಹೆಸರು ಶಿವಶಂಕರ್.

*

ಶುಕ್ರವಾರ ಬೆಳಿಗ್ಗೆ ಶಿವಶಂಕರನನ್ನು ಪಿರಿಯಾಪಟ್ಟಣದ ಗುಜರಿ ಅಂಗಡಿಯಿಂದ ಕರೆತಂದರು. ಅಂಗಡಿಯಲ್ಲಿ ಮೂರು ಹಳೆಯ ಕಂಟ್ರೋಲರ್ ಸಿಕ್ಕಿದ್ದವು. ಐವತ್ತರ ಆಸುಪಾಸಿನ ದಪ್ಪ ಮನುಷ್ಯ. ಬೆಂಚಿನ ಮೇಲೆ ಕೂತು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ.

"ಚೆಲುವರಾಜು ಗೊತ್ತಾ?" ಅನುಶ್ರೀ ಕೇಳಿದರು.

"ಊರಿಗೆ ಹತ್ತು ಜನ ಚೆಲುವರಾಜು ಅವ್ರೆ ಮೇಡಂ."

"ಈ ಪೆಟ್ಟಿಗೆ ಎಲ್ಲಿಂದ ಬಂತು?"

"ಮಿಕ್ಸಿ, ಟೀವಿ, ಫ್ಯಾನು, ಎಲ್ಲ ಎಲ್ಲಿಂದ ಬತ್ತದೋ ಅಲ್ಲಿಂದ. ತೂಕಕ್ಕೆ ತಗೋತೀನಿ. ಅದ್ರ ಹೆಸ್ರು ಏನು ಅಂತಾನೂ ನಂಗೊತ್ತಿಲ್ಲ."

"ವೀರನಹೊಸಹಳ್ಳಿ ಕಡೆ ಯಾವಾಗ ಹೋಗಿದ್ರಿ?"

"ಆನೆ ಇರೋ ಕಡೆ ನಾನ್ಯಾಕೆ ಹೋಗ್ಲಿ? ನನ್ ಗಾತ್ರ ನೋಡಿ, ಓಡಕ್ಕಾಯ್ತದಾ?"

ಸಂಜೆಯವರೆಗೆ ಸಮಾಧಾನಕರ ಉತ್ತರ ಬರದಿದ್ದರೆ ದಸ್ತಗಿರಿ ಮೆಮೊ ಸಿದ್ಧಮಾಡಿ ಎಂದು ಅನುಶ್ರೀ ನಂಜಯ್ಯನಿಗೆ ಹೇಳಿದರು. ನಂಜಯ್ಯ ಮೆಮೊದ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಹೆಸರಿನ ಜಾಗದಲ್ಲಿ ಪೆನ್ನು ಇಟ್ಟ. ಬರೆಯಲಾಗಲಿಲ್ಲ. ಊಟಕ್ಕೆ ಹೋಗಿಬರುತ್ತೇನೆಂದು ಎದ್ದ.

ಮನೆಯಲ್ಲಿ ಹೆಂಡತಿ ಚಿಕ್ಕಬೀರಮ್ಮ ಮುದ್ದೆ ಬಡಿಸಿದಳು. ಅವನು ಮುರಿದ ಮುದ್ದೆಯನ್ನು ಮತ್ತೆ ಮತ್ತೆ ಉಂಡೆ ಮಾಡುತ್ತಿದ್ದ.

"ಆಟ ಆಡ್ತಿದೀರೋ ಉಣ್ತಿದೀರೋ?"

"ಒಂದು ಮಾತು. ಒಬ್ಬ ಆಣೆ ಮಾಡವ್ನೆ, ಹೆಸ್ರು ಹೇಳಲ್ಲ ಅಂತ. ಹೇಳ್ದಿದ್ರೆ ಏನೂ ಮಾಡ್ದೋನು ಒಳಗೋಯ್ತಾನೆ. ಅವ್ನು ಏನ್ ಮಾಡ್ಬೇಕು?"

"ಆ ಒಬ್ಬ ಪೊಲೀಸ್ನೋನಾ?"

ನಂಜಯ್ಯ ಮುದ್ದೆಯನ್ನು ಸಾರಿಗೆ ಅದ್ದಿದ.

"ನಂಗೊತ್ತಿಲ್ವಾ ನೀವು ಗಾಡಿಗೆ ಏನೋ ಮಾಡ್ಸಿರೋದು? ಮೊದ್ಲು ಏರಿ ಹತ್ತುವಾಗ ನನ್ನ ಇಳಿಸಿ ತಳ್ಳುಸ್ತಿದ್ರಿ. ಈಗ ಹಿಂದೆ ಕೂತ್ರೆ ಸೆರಗು ಬಾಯಿಗೆ ಕಚ್ಕಬೇಕು, ಅಂಗೆ ಓಡುಸ್ತೀರಿ." ಸಾರಿನ ಪಾತ್ರೆ ಕೆಳಗಿಟ್ಟಳು. "ಆಣೆ ತಪ್ಪಿದ್ರೆ ಮಾದಪ್ಪ ಕೇಳ್ತಾನೆ, ನಿಜ. ತಪ್ಪು ಮಾಡ್ದೋನ್ನ ಬುಟ್ಟು ಬ್ಯಾರೆಯೋನ್ನ ಕೂರುಸಿದ್ರೆ ಕೇಳಲ್ವಾ? ಅವ್ನೇನು ನಿಮ್ ಇಲಾಖೆಯೋನಾ?"

"ಬಾಯಿ ಬುಡಂಗಿಲ್ಲ ಕಣೇ."

"ಬಾಯಿ ಬುಡಬೇಡಿ. ಬಾಯಿ ಒಂದೇ ಇರೋದಾ ನಿಮ್ಗೆ? ಕೈಯಿಲ್ವಾ, ಕಾಲಿಲ್ವಾ?"

*

ಮಧ್ಯಾಹ್ನ ಎರಡೂವರೆಗೆ ನಂಜಯ್ಯ ಇನ್‌ಸ್ಪೆಕ್ಟರ್ ಕೋಣೆಯ ಬಾಗಿಲಲ್ಲಿ ಸೆಲ್ಯೂಟ್ ಹೊಡೆದು ನಿಂತ.

"ಮೇಡಂ, ನನ್ ಗಾಡಿನೂ ಒಂದ್ಸಲ ನೋಡಿ."

ಹೊಂಗೆ ಮರದ ಕೆಳಗೆ ಅವನೇ ಸೀಟು ಎತ್ತಿದ. ಅನುಶ್ರೀ ಪೆಟ್ಟಿಗೆ ನೋಡಿದರು, ಅದರ ಕೆಳಗೆ ದಾರದ ಸುತ್ತು ನೋಡಿದರು, ಆಮೇಲೆ ನಂಜಯ್ಯನ ಮುಖ ನೋಡಿದರು.

"ಯಾವಾಗ ಹಾಕಿಸಿದ್ದು?"

"ಫೆಬ್ರವರೀಲಿ."

"ಯಾರು ಹಾಕಿದ್ದು?"

"ಹೇಳಕ್ಕಾಗಲ್ಲ ಮೇಡಂ. ಕರ್ಪೂರ ಹಚ್ಚಿ ಆಣೆ ಮಾಡಿದೀನಿ. ಎಲ್ರೂ ಮಾಡವ್ರೆ. ಅದಕ್ಕೇ ಒಬ್ರೂ ಬಾಯಿ ಬುಡ್ತಿಲ್ಲ."

"ನಾಲ್ಕು ದಿನದಿಂದ ನನ್ನ ಪಕ್ಕದಲ್ಲಿ ಕೂತು ಪಂಚನಾಮೆ ಬರೆದಿದ್ದೀರಿ ನೀವು!" ಅವರ ದನಿ ಏರಲಿಲ್ಲ, ಇನ್ನೂ ಇಳಿಯಿತು. "ಇದಕ್ಕೆ ನಿಮಗೆ ಚಾರ್ಜ್ ಮೆಮೊ ಕೊಡಬೇಕಾಗುತ್ತೆ, ಗೊತ್ತಾ?"

"ಕೊಡಿ ಮೇಡಂ. ಆ ಗುಜರಿಯವ್ನು ಏನೂ ಮಾಡಿಲ್ಲ." ನಂಜಯ್ಯ ಹೆಲ್ಮೆಟ್ ಹಾಕಿಕೊಂಡ. "ಗಾಡಿ ಸರ್ವೀಸಿಗೆ ಬುಡಬೇಕಿತ್ತು. ಈಗ ಒಂಟಿದೀನಿ. ಸರ್ಕಾರಿ ರಸ್ತೆ. ಹಿಂದೆ ಜೀಪು ಬಂದ್ರೆ ಬರಬೇಡಿ ಅನ್ನಕ್ಕೆ ನಾನ್ಯಾರು?"

ಅನುಶ್ರೀ ಜೀಪಿನ ಚಾಲಕನನ್ನು ಕೂಗಿದರು.

ಹುಣಸೂರಿನಿಂದ ಕೃಷ್ಣರಾಜನಗರದವರೆಗೆ ನಂಜಯ್ಯ ಹಿಂದಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ಜೀಪು ಕಾಣುತ್ತಿತ್ತು. ಕಬ್ಬಿನ ಲಾರಿಗಳನ್ನು ದಾಟುವಾಗ ಅಭ್ಯಾಸಬಲದಿಂದ ಆಕ್ಸಿಲರೇಟರ್ ತಿರುವುತ್ತಿದ್ದ, ಗಾಡಿ ಚಿಮ್ಮುತ್ತಿತ್ತು, ಜೀಪು ಹಿಂದೆ ಬೀಳುತ್ತಿತ್ತು. ಆಗ ನಿಧಾನಿಸಿ ಅದು ಬರುವವರೆಗೆ ಕಾಯುತ್ತಿದ್ದ. ಮೂವತ್ತು ವರ್ಷದಲ್ಲಿ ಬೇಕಾದಷ್ಟು ಜನರ ಬೆನ್ನು ಹತ್ತಿದ್ದ. ಬೆನ್ನು ಕೊಟ್ಟು ಹೋದದ್ದು ಇದೇ ಮೊದಲು.

ಮಾದೇಶನ ಅಂಗಡಿಯ ಮುಂದೆ ಬಿಚ್ಚಿದ ಪಂಪ್‌ಸೆಟ್ ಮೋಟಾರುಗಳು ಸಾಲಾಗಿದ್ದವು. ನಂಜಯ್ಯನನ್ನು ಕಂಡೊಡನೆ ಮಾದೇಶ್ ಎದ್ದು ಬಂದ. ಮೂವತ್ತೈದರ ಬಡಕಲು ಆಳು, ಮುಖದಲ್ಲಿ ನಿದ್ದೆಯಿಲ್ಲದ ಬಾವು. ನಂಜಯ್ಯ ಬೆದರಿಕೆ, ಓಟ, ಹುಸಿ ನಗು, ಏನಾದರೂ ಬರುತ್ತದೆಂದು ಎಣಿಸಿದ್ದ. ಮಾದೇಶ್ ಕೈ ಚಾಚಿ ಗಾಡಿಯ ಕೀ ತೆಗೆದುಕೊಂಡ.

"ಬಂದ್ಯಾ ಅಣ್ಣ? ಒಳ್ಳೇದಾಯ್ತು ಬುಡು. ನಾನೇ ಬರ್ಬೇಕು ಅಂತಿದ್ದೆ. ಠಾಣೆ ಹಿಂದೆ ನಿಲ್ಲುಸ್ತೀಯಲ್ಲ, ಎಂಗೆ ಬಿಚ್ಚದು ಅಂತ ಯೋಚ್ನೆ ಆಗಿತ್ತು."

"ಏನ್ ಬಿಚ್ಚದು?"

ಮಾದೇಶ್ ಆಗಲೇ ಸೀಟು ಎತ್ತಿ ಸ್ಕ್ರೂಡ್ರೈವರ್ ಹಾಕಿದ್ದ. "ಜೂನಲ್ಲಿ ಫೋನ್ ಮಾಡಿ ವಾಪಸ್ ಕೊಡಣ್ಣ ಅಂದ್ನಲ್ಲ. ನಕ್ಬುಟ್ಟೆ ನೀನು. 'ಜಾಸ್ತಿ ಕೊಡೋನು ಸಿಕ್ಕವ್ನೇನೋ' ಅಂದೆ. ಎಲ್ರೂ ಅಂಗೇ ಅಂದ್ರು."

"ಯಾಕ್ಲಾ ವಾಪಸ್ಸು? ಚೆನ್ನಾಗೇ ಅದಲ್ಲ ಗಾಡಿ!"

ಬಾಗಿಲಲ್ಲಿ ನೆರಳು ಬಿತ್ತು. ಮಾದೇಶ್ ತಲೆಯೆತ್ತಿ ಅನುಶ್ರೀಯವರ ಸಮವಸ್ತ್ರ ನೋಡಿದ, ನಂಜಯ್ಯನನ್ನು ನೋಡಿದ.

"ನಾನು ಬಾಯಿ ಬುಟ್ಟಿಲ್ಲ ಕಣೋ," ಎಂದ ನಂಜಯ್ಯ.

"ಗೊತ್ತು ಬುಡಣ್ಣ. ಎಲ್ಡು ನಿಮಿಷ ಮೇಡಂ, ಇದೊಂದ್ ಬಿಚ್ಬುಡ್ತೀನಿ," ಎಂದ ಮಾದೇಶ್.

*

ಸ್ಥಳೀಯ ಠಾಣೆಗೆ ತಿಳಿಸಿ, ಪಕ್ಕದ ಅಂಗಡಿಗಳ ಇಬ್ಬರನ್ನು ಪಂಚರಾಗಿ ಕರೆದು, ವಿಡಿಯೋ ಮಾಡಿಕೊಂಡು ಜಪ್ತಿ ಪಂಚನಾಮೆ ನಡೆಯಿತು. ಹಿಂದಿನ ಕೋಣೆಯಲ್ಲಿ ಒಂದು ವಾರ್ನಿಷ್ ಡ್ರಮ್ಮು. ಅದರೊಳಗೆ ಎಂಬತ್ತು ಆಂಪಿಯರ್‌ನ ಐದು ಕಂಟ್ರೋಲರ್. ಎಲ್ಲವನ್ನೂ ಸುತ್ತಿಗೆಯಿಂದ ಜಜ್ಜಿ, ವಾರ್ನಿಷ್ ಸುರಿದು ಗಟ್ಟಿಮಾಡಲಾಗಿತ್ತು. ಅವನ್ನು ಇನ್ನು ಯಾರಿಗೂ ಮಾರುವಂತಿರಲಿಲ್ಲ. ಅನುಶ್ರೀ ಎರಡು ಸಲ ಎಣಿಸಿದರು. ಎಣಿಕೆ ಸರಿಯಿತ್ತು, ಅರ್ಥ ಸರಿಯಾಗಲಿಲ್ಲ.

"ಕದ್ದು ತಂದದ್ದನ್ನ ಹಾಳು ಮಾಡಿದ್ದೀಯ. ಯಾಕೆ?"

ಮಾದೇಶ್ ಅರ್ಧ ಬಿಚ್ಚಿದ್ದ ನಂಜಯ್ಯನ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಆನ್ ಮಾಡಿದ.

"ಅಣ್ಣ, ಆಕ್ಸಿಲರೇಟರ್ ಹಿಡ್ಕೊ. ಬುಡಬೇಡ. ಈಗ ಬ್ರೇಕ್ ಹಿಡಿ."

ನಂಜಯ್ಯ ಹಿಡಿದ. ಹಿಂದಿನ ಚಕ್ರ ನಿಧಾನವಾಯಿತು, ನಿಲ್ಲಲಿಲ್ಲ. ಮೋಟಾರು ಗುಂಯ್ಗುಡುತ್ತಲೇ ಇತ್ತು. ಬ್ರೇಕಿನ ಮೇಲೆ ಕೈ ಸ್ವಲ್ಪ ಸಡಿಲವಾದೊಡನೆ ಚಕ್ರ ಮತ್ತೆ ರಭಸ ಹಿಡಿಯಿತು.

"ಕಂಪನಿಯೋರು ಒಂದು ವೈರು ಕೊಟ್ಟಿರ್ತಾರೆ ಮೇಡಂ. ಬ್ರೇಕ್ ಮುಟ್ಟಿದ್ರೆ ಸಾಕು, ಕರೆಂಟು ಕಟ್ಟಾಗಿ ಮೋಟಾರು ಸತ್ತೋಯ್ತದೆ. ಅದು ನಮ್ಮೋರಿಗೆ ಬೇಡ. ಪೆಟ್ರೋಲ್ ಗಾಡೀಲಿ ಕಲ್ತೋರು. ಮೂಟೆ ಹೇರ್ಕಂಡು ಏರಿ ಹತ್ತುವಾಗ ಹಿಂದಕ್ಕೆ ಜಾರ್ದಂಗೆ 'ಬ್ರೇಕ್ ಹಿಡ್ಕಂಡೇ ಎತ್ಬೇಕು ಕಣ್ಲಾ' ಅಂತಾರೆ. ಆ ವೈರಿದ್ರೆ ಎತ್ತಕ್ಕಾಗಲ್ಲ. ಅದಕ್ಕೆ ಕತ್ತರಿಸ್ದೆ. ಒಂಬತ್ತು ಗಾಡೀಲೂ ಕತ್ತರಿಸ್ದೆ."

ನಂಜಯ್ಯ ಬ್ರೇಕಿನಿಂದ ಕೈ ತೆಗೆದ. ಬ್ರೇಕ್ ಹಿಡಿದೇ ಎತ್ತಬೇಕು ಎಂದು ಅವನೂ ಮಾದೇಶನಿಗೆ ಹೇಳಿದ್ದ. ಚಿಕ್ಕಬೀರಮ್ಮನನ್ನು ಹಿಂದೆ ಕೂರಿಸಿಕೊಂಡು ಏರಿ ಹತ್ತಿದ್ದು, ಸಂತೆಗೆ ಹೋದದ್ದು, ಇವತ್ತು ಕಬ್ಬಿನ ಲಾರಿಗಳ ಮಗ್ಗುಲಲ್ಲಿ ನುಗ್ಗಿದ್ದು ಒಂದೊಂದಾಗಿ ನೆನಪಿಗೆ ಬಂತು. ಅವನು ಅಲ್ಲೇ ಇದ್ದ ಮೋಟಾರಿನ ಮೇಲೆ ಕೂತ.

"ಒಂಬತ್ತು ಅಂದೆ. ಐದು ಇಲ್ಲಿದೆ, ಇದು ಆರು," ಎಂದರು ಅನುಶ್ರೀ.

"ಎರಡು ಇನ್ನೂ ಓಡಾಡ್ತವೆ. ಒಂದು ಇದೇ ತಾಲ್ಲೂಕಲ್ಲಿ, ಇನ್ನೊಂದು ಕೋಟೆ ಹತ್ರ."

"ಒಂಬತ್ತನೇದು?"

ಮಾದೇಶ್ ಗೋಡೆಗೆ ಒರಗಿ ಕೂತ. "ಸರಗೂರಿನ ಚಿಕ್ಕಣ್ಣಂದು," ಎಂದ.

ಚಿಕ್ಕಣ್ಣ ಹಾಲಿನ ಕ್ಯಾನು ಸಾಗಿಸುತ್ತಿದ್ದವನು. ಮೇ ತಿಂಗಳ ಮಳೆಯಲ್ಲಿ ಗಾಡಿ ಸಮೇತ ನಾಲೆಗೆ ಬಿದ್ದು ಸತ್ತಿದ್ದ. ಕುಡಿದು ಜೋರಾಗಿ ಓಡಿಸಿದ ಎಂದು ಊರು ಹೇಳಿತು. ಸವಾರನ ಅತಿವೇಗ ಮತ್ತು ಅಜಾಗರೂಕತೆ ಎಂದು ಬರೆದು ಕಡತ ಮುಗಿಸಲಾಗಿತ್ತು. ಜೂನಿನಲ್ಲಿ ಅವನ ಹೆಂಡತಿ ಸುನಂದಮ್ಮ, ಗಂಡ ಗಾಡಿ ರಿಪೇರಿ ಮಾಡಿಸುತ್ತಿದ್ದ ಅಂಗಡಿ ಎಂದು ತಿಳಿದು, ಆ ಗಾಡಿಯನ್ನು ಮಾದೇಶನಿಗೇ ಮಾರಿಹೋದಳು. ಮಾದೇಶ್ ಬಿಚ್ಚಿ ನೋಡಿದ. ಆಕ್ಸಿಲರೇಟರಿನ ಹಿಡಿಯೊಳಗೆ ಮಳೆನೀರು ಇಳಿದು ವೈರುಗಳು ಒಂದಕ್ಕೊಂದು ತಗುಲಿದ್ದವು. ಸವಾರ ತಿರುವಲಿ ಬಿಡಲಿ, ಮೋಟಾರಿಗೆ ಪೂರ್ತಿ ಕರೆಂಟು ಹರಿಯುತ್ತಲೇ ಇತ್ತು. ಬ್ರೇಕಿನ ವೈರು ತಾನೇ ಕತ್ತರಿಸಿದ್ದ ಜಾಗದಲ್ಲಿ ಹಾಗೇ ತುಂಡಾಗಿ ನಿಂತಿತ್ತು. ಚಕ್ರದ ಡ್ರಮ್ಮು ತೆಗೆದಾಗ ಬ್ರೇಕ್ ಶೂ ಎರಡೂ ಸುಟ್ಟು ಕರಕಲಾಗಿದ್ದವು.

"ಬಿಟ್ಟೇ ಇಲ್ಲ ಮೇಡಂ ಅವ್ರು. ಕೊನೇವರ್ಗೂ ಬ್ರೇಕ್ ಹಿಡ್ದೇ ಅವ್ರೆ."

"ಆಗಲೇ ಬಂದು ಹೇಳಬೇಕಿತ್ತು ನೀನು."

"ಹೇಳ್ಬೇಕಿತ್ತು. ಜೈಲಿಗೋಗೋ ಧೈರ್ಯ ಇರ್ಲಿಲ್ಲ. ವಾಪಸ್ ಕೊಡಿ ಅಂದ್ರೆ ಎಲ್ರೂ ನಗೋರು. ಯಾಕೆ ಅಂತ ಹೇಳ್ಬೇಕಂದ್ರೆ ಚಿಕ್ಕಣ್ಣನ ಕತೆ ಹೇಳ್ಬೇಕು. ಹಳೇ ಪೆಟ್ಟಿಗೆ ಎಲ್ಲ ನನ್ಹತ್ರಾನೇ ಇದ್ದೋ. ಬ್ಯಾರನ್ ಕಾಲ ಬರ್ಲಿ, ಮನೇಲಿ ಯಾರೂ ಇರಲ್ಲ, ಒಂದೊಂದೇ ಬಿಚ್ಕಂಡ್ ಬರಾಣ ಅಂದ್ಕಂಡೆ."

ಸಂಜೆ ಐದೂಕಾಲಿಗೆ ಅನುಶ್ರೀ ದಸ್ತಗಿರಿ ಮೆಮೊದಲ್ಲಿ ಮಾದೇಶನ ಹೆಸರು ಬರೆಸಿದರು. ಬರೆದವನು ನಂಜಯ್ಯ. ಬಾಯಲ್ಲಿ ಹೇಳದ ಹೆಸರನ್ನು ಕೈ ಬರೆಯಿತು. ಅಲ್ಲಿಂದಲೇ ಠಾಣೆಗೆ ಫೋನು ಹೋಗಿ ಶಿವಶಂಕರನನ್ನು ಮನೆಗೆ ಕಳಿಸಿದರು.

ಉಳಿದದ್ದು ಆ ಎರಡು ಗಾಡಿ. ವಿಳಾಸ ಮಾದೇಶನೇ ಕೊಟ್ಟ. ರಾತ್ರಿಯೊಳಗೆ ಕಾನ್‌ಸ್ಟೆಬಲ್‌ಗಳು ಹೋಗಿ ಸವಾರರನ್ನೂ ಗಾಡಿಗಳನ್ನೂ ಕರೆತಂದರು. ಇಬ್ಬರೂ ಅಂಗಡಿಯಲ್ಲಿ ಮಾದೇಶನ ಎದುರಿಗೇ ನಿಂತು, ಈ ಮನುಷ್ಯ ಯಾರೆಂದೇ ಗೊತ್ತಿಲ್ಲ ಎಂದರು. ಹೇಳಿಕೆಯಿಲ್ಲದೆ ಪ್ರಕರಣ ನಿಲ್ಲುವುದು ಕಷ್ಟ. ಅನುಶ್ರೀ ಗದರಿಸಿ ನೋಡಿದರು, ತಿಳಿಹೇಳಿ ನೋಡಿದರು.

"ಅವ್ರು ಹೇಳಲ್ಲ ಮೇಡಂ," ಎಂದ ಮಾದೇಶ್. "ಆಣೆ ಮಾಡಿಸ್ಕಂಡೋನೇ ಬಿಡಿಸ್ಬೇಕು. ಐದು ನಿಮಿಷ ಕೈ ಬುಡ್ಸಿ."

ಬೇಡಿ ಬಿಚ್ಚಿದರು. ಅವನು ಕೈಕಾಲು ತೊಳೆದು ಬಂದು ಪಟದ ಮುಂದೆ ಕರ್ಪೂರ ಹಚ್ಚಿದ. "ನನ್ ಮುಂದೆ ಕೈ ಹಿಡ್ದೋರ್ನೆಲ್ಲ ಬುಟ್ಟಿದೀನಿ ಮಾದಪ್ಪ. ಅವ್ರ ಮೇಲೆ ಏನೂ ಇಲ್ಲ. ಇರೋದೆಲ್ಲ ನನ್ ಮೇಲೆ," ಎಂದ. ಇದನ್ನು ಪಂಚನಾಮೆಯಲ್ಲಿ ಹೇಗೆ ಬರೆಯುವುದೆಂದು ಅನುಶ್ರೀ ನಂಜಯ್ಯನನ್ನು ಕೇಳಿದರು. ನಂಜಯ್ಯನಿಗೂ ಗೊತ್ತಿರಲಿಲ್ಲ. ಕೊನೆಗೆ ಬರೆಯದೆ ಬಿಟ್ಟರು. ಕರ್ಪೂರ ಉರಿದು ಮುಗಿದ ಮೇಲೆ ಇಬ್ಬರು ಸವಾರರೂ ಹೇಳಿಕೆ ಕೊಟ್ಟರು. ಮೂರನೆಯ ಹೇಳಿಕೆ ನಂಜಯ್ಯನದು. ಅದನ್ನು ಅನುಶ್ರೀ ತಾವೇ ಬರೆದುಕೊಂಡರು.

*

ಮಂಗಳವಾರ ಸುನಂದಮ್ಮನನ್ನು ಠಾಣೆಗೆ ಕರೆಸಿದರು. ಸರಗೂರಿನಿಂದ ಬಸ್ಸು ಬದಲಿಸಿ ಬಂದಿದ್ದಳು. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತು, ಅನುಶ್ರೀ ಹೇಳಿದ್ದನ್ನು ಪೂರ್ತಿ ಕೇಳಿದಳು. ಕಂಟ್ರೋಲರು, ಆಂಪಿಯರು ಅವಳಿಗೆ ತಿಳಿಯಲಿಲ್ಲ. ಅವಳು ನಂಜಯ್ಯನ ಕಡೆ ತಿರುಗಿದಳು.

"ಅಂಗಾದ್ರೆ ನಮ್ಮೋರು ಬ್ರೇಕ್ ಹಿಡ್ದಿದ್ರಾ?"

"ಹಿಡ್ದಿದ್ರು ಕಣವ್ವ. ಬುಟ್ಟೇ ಇರ್ಲಿಲ್ಲ."

"ಊರೋರೆಲ್ಲ ಕುಡ್ದು ಬಿದ್ದ ಅಂದ್ರು." ಅವಳು ಚೀಲದ ದಾರವನ್ನು ಬೆರಳಿಗೆ ಸುತ್ತಿದಳು. "ನಾನೂ ಅಂದೆ ಸಾರ್. ತಿಥಿ ದಿನ, ಎಡೆ ಮುಂದೇನೇ ಅಂದೆ."

ನಂಜಯ್ಯ ಎದ್ದುಹೋಗಿ ಅವಳಿಗೆ ನೀರು ತಂದುಕೊಟ್ಟ.

ಮಾದೇಶನನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಗಿತ್ತು. ಚಿಕ್ಕಣ್ಣನ ಸಾವಿನ ಕಡತ ತೆರೆದು ಮುಂದುವರಿದ ತನಿಖೆ ನಡೆಸಲು ನ್ಯಾಯಾಲಯ ಆ ವಾರವೇ ಅನುಮತಿ ನೀಡಿತು. ಮಾದೇಶ್ ತೆಗೆದಿಟ್ಟಿದ್ದ ಸುಟ್ಟ ಬ್ರೇಕ್ ಶೂಗಳನ್ನು ಬಟ್ಟೆಯಲ್ಲಿ ಕಟ್ಟಿ, ಅರಗಿನ ಮೊಹರು ಹಾಕಿ, ಮೈಸೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಅವನ್ನು ನಂಜಯ್ಯ ಬಸ್ಸಿನಲ್ಲಿ ತೆಗೆದುಕೊಂಡು ಹೋದ.